ನಮ್ಮ ಶಾಲೆಯ ಪುಟ್ಟ ಮೋಟಾರುಗಾಡಿಗಳು



ಸ್ಮರಣ ಸಂಚಿಕೆಗೆ ಪ್ರಧಾನೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಶೀಲ, ಶಿಸ್ತು, ವಿದ್ಯೆ ಇವುಗಳಲ್ಲಿ ಯಾವುದಾದರೊಂದನ್ನು ಕುರಿತದ್ದಾಗಿರಬೇಕೆಂಬುದು ವಾಡಿಕೆ. ಈ ಸಲ ನಾವು ಬರೆಯಹೊರಟಿರುವುದಾದರೋ ಅಂಗೈಯಗಲದ ಮೋಟಾರುಗಾಡಿಗಳನ್ನು ಕುರಿತು. ವಾಡಿಕೆಯನ್ನು ಮೀರಿದೆವೆಂದು ಯಾರೂ ಬೇಸರಪಡಬಾರದು. ಕೊನೆಯ ತನಕ ಓದಿದವರಿಗೆ ಆ ಮೂರು ವಿಷಯಗಳೂ ಇದರೊಳಗೇ ಅಡಗಿರುವುದು ಕಂಡುಬರುವುದೆಂದು ನಂಬುತ್ತೇವೆ.

ನಮ್ಮ ಶನಿವಾರದ ಕೈಗೆಲಸದ ತರಗತಿಯಲ್ಲಿ ಹೊಲಿಗೆ, ಕಸೂತಿ, ಬೆತ್ತದ ಹೆಣಿಗೆಗಳೊಂದಿಗೆ ಕಳೆದ ಎರಡು ವರ್ಷಗಳಿಂದ ಮೋಟಾರುಗಾಡಿಯ ಮಾದರಿಗಳನ್ನು ಜೋಡಿಸುವ ಕೆಲಸವೂ ನಡೆದುಬಂದಿದೆ. ಪರದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ರಜೆಗೆ ಊರಿಗೆ ಬಂದಾಗ ಐದು ಪೆಟ್ಟಿಗೆಗಳನ್ನು ಶಾಲೆಗೆ ಒಪ್ಪಿಸಿ, ಮೂರು ಶನಿವಾರಗಳು ತಾವೇ ಮಕ್ಕಳೊಡನೆ ಕುಳಿತು ಕೆಲಸದ ಕ್ರಮವನ್ನು ತೋರಿಸಿಕೊಟ್ಟು ಹೋದರು. ಅಂದಿನಿಂದ ‘ಹೆಣ್ಣುಮಕ್ಕಳಿಗೆ ಇದೇಕೆ?’ ಎಂಬ ಪ್ರಶ್ನೆಯು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಪೋಷಕರೊಬ್ಬರು ಈ ಕುರಿತು ಕಾಗದವನ್ನೇ ಬರೆದರು. ಪಾಠದ ಹೊತ್ತು ಆಟಿಕೆಗೆ ಹೋಗುತ್ತಿದೆಯೆಂದೂ, ಇದು ಗಂಡುಹುಡುಗರ ಶೋಕಿಯೆಂದೂ ಅವರ ಆಕ್ಷೇಪಣೆ. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಮರ್ಯಾದೆಯಿಂದ ಉತ್ತರ ಕೊಡುವುದು ನಮ್ಮ ಕರ್ತವ್ಯವಷ್ಟೆ.

ಮೊದಲು ಈ ಪೆಟ್ಟಿಗೆಗಳಲ್ಲಿ ಇರುವುದೇನೆಂದು ಹೇಳೋಣ. ಮುಚ್ಚಳ ತೆರೆದರೆ ಗಾಡಿಯು ಕಾಣುವುದಿಲ್ಲ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟುಗಳೂ, ಮಾವಿನ ಕೊಂಬೆಗೆ ಮಿಡಿಗಳು ಅಂಟಿಕೊಂಡಿರುವಂತೆ ಅವುಗಳಿಗೆ ಅಂಟಿಕೊಂಡಿರುವ ನೂರಾರು ಬಿಡಿಭಾಗಗಳೂ ಕಾಣುತ್ತವೆ. ಎಂಜಿನ್ನಿನ ತುಂಡುಗಳು, ಆಸನಗಳು, ಸ್ಟೇರಿಂಗ್ ಚಕ್ರ, ದೀಪದ ಗಾಜುಗಳು, ರಬ್ಬರಿನ ಟೈರುಗಳು, ಇವುಗಳ ಜೊತೆಗೆ ಚಿತ್ರಗಳಿಂದ ಕೂಡಿದ ಒಂದು ಹಾಳೆ. ನಿಜವಾದ ಗಾಡಿಯ ಅಳತೆಯನ್ನು 24ರಿಂದಲೋ 25ರಿಂದಲೋ ಭಾಗಿಸಿ ಪ್ರತಿಯೊಂದು ಭಾಗವನ್ನೂ ಅಚ್ಚೊತ್ತಿರುತ್ತಾರೆ.

ಈ ಕಸುಬಿನ ಚರಿತ್ರೆಯೂ ಸ್ವಾರಸ್ಯವಾಗಿದೆ. ಅಮೇರಿಕದ ಎ.ಎಂ.ಟಿ. ಸಂಸ್ಥೆಯು 1948ರಲ್ಲಿ ಆರಂಭವಾದಾಗ, ಮೋಟಾರು ಮಾರುವ ಅಂಗಡಿಗಳವರು ಗಿರಾಕಿಗಳಿಗೆ ತೋರಿಸತಕ್ಕ ಸಿದ್ಧ ಮಾದರಿಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ ಅದೇ ಸಂಸ್ಥೆಯು ‘ಒಂದರಲ್ಲಿ ಮೂರು’ ಎಂಬ ಪೆಟ್ಟಿಗೆಗಳನ್ನು ಹೊರಡಿಸಿತು. ಕಾರ್ಖಾನೆಯಿಂದ ಬಂದಂತೆಯೇ ಗಾಡಿಯನ್ನು ಕಟ್ಟಬಹುದು. ಪಂದ್ಯದ ಗಾಡಿಯಾಗಿ ಕಟ್ಟಬಹುದು. ಇಲ್ಲವೆ ತನ್ನ ಮನಸ್ಸಿಗೆ ಬಂದಂತೆ ತಿದ್ದಿ ಕಟ್ಟಬಹುದು. ಮೂರಕ್ಕೂ ಬೇಕಾದ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ. ಜಪಾನಿನ ಶಿಜುವೋಕಾ ಎಂಬ ಊರಿನ ತಮಿಯಾ ಸಂಸ್ಥೆಯಾದರೋ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿ, ಮರದ ಮಾದರಿಗಳನ್ನು ಮಾಡಿ, ಬಳಿಕ ಪ್ಲಾಸ್ಟಿಕ್ಕಿಗೆ ಬಂದು ಲೋಕಪ್ರಸಿದ್ಧವಾಯಿತು.

ಪೆಟ್ಟಿಗೆಯನ್ನು ತೆರೆದೊಡನೆ ಅಂಟಿನ ಸೀಸೆಗೆ ಕೈಹಾಕುವುದು ಮಕ್ಕಳ ಸ್ವಭಾವ. ನಮ್ಮ ತರಗತಿಯ ಮೊದಲನೆಯ ನಿಯಮವೇನೆಂದರೆ, ಮೊದಲ ನಾಲ್ಕು ಶನಿವಾರಗಳು ಅಂಟಿನ ಸೀಸೆಯು ಬೀರುವಿನಲ್ಲಿಯೇ ಇರತಕ್ಕದ್ದು. ಇದಕ್ಕೆ ಕಾರಣವಿದೆ. ನಾವು ಕಾಗದಕ್ಕೆ ಹಚ್ಚುವ ಗೋಂದು ಎರಡು ಕಾಗದಗಳ ನಡುವೆ ನಿಂತು ಅವನ್ನು ಹಿಡಿದುಕೊಳ್ಳುತ್ತದೆ. ಈ ಮಾದರಿಗಳ ಅಂಟು ಹಾಗಲ್ಲ. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡು ಭಾಗಗಳನ್ನು ಒಂದೇ ತುಂಡಾಗಿ ಬೆಸೆಯುತ್ತದೆ. ಒಮ್ಮೆ ಬೆಸೆದುದನ್ನು ಬಿಡಿಸಹೋದರೆ ಅದು ಮುರಿಯುವುದೇ ಹೊರತು ಬಿಡುವುದಿಲ್ಲ.

ಆದುದರಿಂದ ಮೊದಲು ಮಾಡತಕ್ಕದ್ದು ಒಣಜೋಡಣೆ. ಕಸುಬಿನವರು ಇದನ್ನು ಮಾಕಪ್ ಎಂದು ಕರೆಯುತ್ತಾರೆ. ಒಣಜೋಡಣೆಯೆಂಬುದು ನಮ್ಮ ಮಕ್ಕಳು ಇಟ್ಟ ಹೆಸರು. ಬೇಕಾದ ಭಾಗಗಳನ್ನು ಚೌಕಟ್ಟಿನಿಂದ ಇಕ್ಕುಳದಲ್ಲಿ ಕತ್ತರಿಸುವಾಗ ಬುಡದಲ್ಲಿ ಸ್ವಲ್ಪ ಮೊಂಡನ್ನು ಉಳಿಸಬೇಕು. ಆ ಮೊಂಡನ್ನು ಚೂರಿಯಿಂದ, ಬಳಿಕ ಮರಳುಕಾಗದದಿಂದ ಸವರಬೇಕು. ಅಚ್ಚಿನ ಎರಡು ಹೋಳುಗಳು ಕೂಡಿದಲ್ಲಿ ಕೂದಲೆಳೆಯಂಥ ಗೆರೆಯಿರುತ್ತದೆ, ಅದನ್ನು ಹೆರೆದು ತೆಗೆಯಬೇಕು. ಆಮೇಲೆ ಚಾಸಿಸ್ಸು, ಅಚ್ಚುಗಳು, ಚಕ್ರಗಳು, ಒಳಗಣ ಆಸನಗಳು, ಮೇಲಣ ಬಾಡಿ, ಎಲ್ಲವನ್ನೂ ಮಾಸ್ಕಿಂಗ್ ಟೇಪಿನಿಂದಲೂ ರಬ್ಬರ್ ಬಳೆಗಳಿಂದಲೂ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸಬೇಕು. ಹೀಗೆ ನಿಂತ ಗಾಡಿಯು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡ ರೋಗಿಯಂತೆ ಕಾಣುತ್ತದೆ. ಆದರೂ ಅದರಲ್ಲಿ ಇಡೀ ಗಾಡಿಯು ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಈಗ ಪರೀಕ್ಷೆ. ಗಾಡಿಯನ್ನು ದಪ್ಪ ಗಾಜಿನ ಹಲಗೆಯ ಮೇಲೆ ಇಡುತ್ತಾರೆ. ನಾಲ್ಕು ಚಕ್ರಗಳೂ ಗಾಜನ್ನು ಮುಟ್ಟಿವೆಯೇ? ಒಂದು ಮೂಲೆಯನ್ನು ಒತ್ತಿದರೆ ಗಾಡಿಯು ಕುಂಟುವುದೇ? ಚಕ್ರವು ಮಡ್‌ಗಾರ್ಡಿನ ಕಮಾನಿನ ನಡುಮಧ್ಯದಲ್ಲಿದೆಯೇ? ಎಂಜಿನ್ನಿನ ಮೇಲೆ ಬಾನೆಟ್ಟು ಮುಚ್ಚುತ್ತದೆಯೇ? ಆಸನಗಳು ಗಾಜಿಗೆ ತಗಲುವುವೇ? ಒಂದೊಂದು ತೊಡಕನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡು, ಎಲ್ಲವನ್ನೂ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿ ನೋಡುತ್ತಾರೆ. ಮೂರು ಸಲ, ನಾಲ್ಕು ಸಲ. ಯಾವುದನ್ನು ಮೊದಲು ಅಂಟಿಸಬೇಕು, ಯಾವುದಕ್ಕೆ ಅಂಟಿಸುವ ಮುಂಚೆಯೇ ಬಣ್ಣ ಹಚ್ಚಬೇಕು ಎಂಬ ಕ್ರಮವು ಆಗ ತಾನಾಗಿ ತಿಳಿದುಬರುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಹೊಸ ಪಾಠವಲ್ಲ. ರವಕೆಯ ತುಂಡುಗಳಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಮೈಗೆ ಹಿಡಿದು ನೋಡಿ, ಹೆಗಲು ಬಿಗಿಯಾದರೆ ಬಿಚ್ಚಿ, ಆಮೇಲಷ್ಟೇ ಯಂತ್ರಕ್ಕೆ ಕೊಡಬೇಕೆಂದು ಈ ಶಾಲೆಯ ಹೊಲಿಗೆಯ ಕೋಣೆಯಲ್ಲಿ ಎಷ್ಟು ತಲೆಮಾರಿನ ಹುಡುಗಿಯರು ಕಲಿತಿಲ್ಲ! ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕವನ್ನು ನೋಡುವ ದೃಷ್ಟಾಂತವನ್ನು ನಮ್ಮ ಕರ್ತನೇ ಹೇಳಿದ್ದಾನೆ. ಬಟ್ಟೆಗೆ ಸಲ್ಲುವ ವಿವೇಕವು ಪ್ಲಾಸ್ಟಿಕ್ಕಿಗೂ ಸಲ್ಲುತ್ತದೆ. ದೊಡ್ಡ ಕಾರ್ಖಾನೆಗಳಿಗೂ ಸಲ್ಲುತ್ತದೆ. ಅಮೇರಿಕದ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ 1927ರಿಂದ ಹಾರ್ಲಿ ಅರ್ಲ್ ಎಂಬವರ ಕೈಕೆಳಗೆ ನಡೆದ ವಿನ್ಯಾಸ ವಿಭಾಗವು, ಹೊಸ ಗಾಡಿಯ ಆಕಾರವನ್ನು ಮಣ್ಣಿನಲ್ಲಿ ಪೂರ್ಣ ಗಾತ್ರಕ್ಕೆ ಮೆತ್ತಿ, ಸುತ್ತಲೂ ನಡೆದು ನೋಡಿ, ಕೆತ್ತಿ ತಿದ್ದಿದ ಮೇಲೆಯೇ ಉಕ್ಕಿನ ತಗಡಿಗೆ ಹೋಗುತ್ತಿತ್ತು. ಗಣಕಯಂತ್ರಗಳ ಈ ಕಾಲದಲ್ಲಿಯೂ ಮೋಟಾರು ಕಂಪೆನಿಗಳು ಮಣ್ಣಿನ ಮಾದರಿಯನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ.

ಪಾಠದ ಹೊತ್ತು ಹೋಗುತ್ತದೆಂಬ ಆಕ್ಷೇಪಣೆಗೆ ಈಗ ಬರೋಣ. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಅಂಬಾಸಿಡರ್ ಗಾಡಿಯನ್ನು ಎಲ್ಲರೂ ಬಲ್ಲರು. ಅದರ ಉದ್ದ ಸುಮಾರು 4 ಮೀಟರು 32 ಸೆಂಟಿಮೀಟರು. ಅದನ್ನು ಇಪ್ಪತ್ತನಾಲ್ಕರಲ್ಲೊಂದು ಮಾಡಿದರೆ 18 ಸೆಂಟಿಮೀಟರು. ಇಪ್ಪತ್ತೈದರಲ್ಲೊಂದು ಮಾಡಿದರೆ 17 ಸೆಂಟಿಮೀಟರಿಗೆ ಮೂರು ಮಿಲಿಮೀಟರು ಹೆಚ್ಚು. ಕಣ್ಣಿಗೆ ಎರಡೂ ಒಂದೇ. ಆದರೆ ಒಂದರ ಬಾಡಿಯು ಇನ್ನೊಂದರ ಚಾಸಿಸ್ಸಿಗೆ ಕೂಡುವುದಿಲ್ಲ. ಇಪ್ಪತ್ತನಾಲ್ಕರ ಲೆಕ್ಕವು ಒಂದಡಿಗೆ ಅರ್ಧ ಅಂಗುಲವೆಂಬ ಹಳೆಯ ಅಳತೆಯಿಂದ ಬಂದದ್ದೆಂದು ಮಕ್ಕಳೇ ಲೆಕ್ಕಹಾಕಿ ಕಂಡುಕೊಂಡರು. ಗಾಡಿಯನ್ನು ಎರಡು ಮಿಲಿಮೀಟರು ತಗ್ಗಿಸಿದರೆ ನಿಜವಾದ ಗಾಡಿಯನ್ನು ಸುಮಾರು ಐದು ಸೆಂಟಿಮೀಟರು ತಗ್ಗಿಸಿದಂತೆ. ಬಣ್ಣವು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ದಪ್ಪವಾದರೂ ಅದು ನಿಜವಾದ ಗಾಡಿಗೆ ಎರಡೂವರೆ ಮಿಲಿಮೀಟರು ದಪ್ಪಕ್ಕೆ ಬಳಿದಂತಾಗಿ, ಬಾಗಿಲಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಪ್ರಮಾಣ, ಅನುಪಾತಗಳೆಂದರೆ ಪುಸ್ತಕವನ್ನು ಮುಚ್ಚುತ್ತಿದ್ದ ಹುಡುಗಿಯರು ಈ ಮೇಜಿನ ಬಳಿ ಚೂರು ಕಾಗದದಲ್ಲಿ ಭಾಗಾಕಾರ ಮಾಡುವುದನ್ನು ಗಣಿತದ ಉಪಾಧ್ಯಾಯಿನಿಯವರು ಬಾಗಿಲಲ್ಲಿ ನಿಂತು ನೋಡಿದ್ದುಂಟು.

ವಿಜ್ಞಾನವೂ ತಾನಾಗಿ ಬರುತ್ತದೆ. ನಮ್ಮ ಕರಾವಳಿಯ ಆಷಾಢದಲ್ಲಿ ಲ್ಯಾಕರ್ ಬಣ್ಣವನ್ನು ಸಿಂಪಡಿಸಿದರೆ, ಗಾಳಿಯ ತೇವವು ಅದರೊಳಗೆ ಸಿಕ್ಕಿಕೊಂಡು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆದುದರಿಂದ ಬಣ್ಣದ ಕೆಲಸವನ್ನು ದೀಪಾವಳಿಯ ಅನಂತರಕ್ಕೆ ಇಟ್ಟುಕೊಂಡಿದ್ದೇವೆ. ಮಳೆಗಾಲವೆಲ್ಲ ಒಣಜೋಡಣೆಗೆ ಮೀಸಲು. ಅಂಟು, ಬಣ್ಣಗಳನ್ನು ತೆರೆದ ಜಗಲಿಯಲ್ಲಿ ಮಾತ್ರ ಬಳಸುತ್ತಾರೆಂಬುದನ್ನೂ, ಚೂರಿ ಹಿಡಿಯುವವಳ ಪಕ್ಕದಲ್ಲಿ ಉಪಾಧ್ಯಾಯಿನಿಯೊಬ್ಬರು ಇದ್ದೇ ಇರುತ್ತಾರೆಂಬುದನ್ನೂ ತಾಯಂದಿರ ಸಮಾಧಾನಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇವೆ.

ಇನ್ನು ತಿದ್ದಿ ಕಟ್ಟುವ ಮಾತು. ಬಂದ ಐದು ಪೆಟ್ಟಿಗೆಗಳಲ್ಲಿ ಒಂದರ ಮೇಲೆ ಮಕ್ಕಳಿಗೆ ವಿಶೇಷ ಪ್ರೀತಿ. ಉಕ್ರೇನ್ ದೇಶದ ಕೀವ್ ನಗರದ ಐ.ಸಿ.ಎಂ. ಸಂಸ್ಥೆಯು ಮಾಡಿರುವ ಆ ಮಾದರಿಯು, ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಬರೆದುಕೊಂಡ ಮೂರು ಚಕ್ರದ ಗಾಡಿಯದು. ಅದರ ಜೊತೆಯಲ್ಲಿ ಒಬ್ಬ ಮಹಿಳೆಯ ಮತ್ತು ಇಬ್ಬರು ಹುಡುಗರ ಬೊಂಬೆಗಳಿವೆ. ಆ ಮಹಿಳೆಯೇ ಬೆರ್ತಾ ಬೆಂಜ್. ಮದುವೆಗೆ ಮುಂಚೆಯೇ ತನ್ನ ಪಾಲಿನ ಸ್ತ್ರೀಧನವನ್ನು ತೆಗೆಸಿ, ಪತಿಯಾಗತಕ್ಕವನ ಕಾರ್ಯಾಗಾರಕ್ಕೆ ಹಾಕಿದವಳು ಆಕೆ. 1888ರ ಆಗಸ್ಟಿನಲ್ಲಿ, ಪತಿಗೂ ತಿಳಿಸದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತೌರಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಆಕೆ ಗಾಡಿಯಲ್ಲಿ ಕ್ರಮಿಸಿದಳು. ಅಷ್ಟು ದೂರ ಮೋಟಾರಿನಲ್ಲಿ ಹೋದವರು ಅದುವರೆಗೆ ಯಾರೂ ಇರಲಿಲ್ಲ. ಇಂಧನ ಮುಗಿದಾಗ ವೀಸ್ಲೋಕ್ ಎಂಬಲ್ಲಿ ಔಷಧದ ಅಂಗಡಿಯಿಂದ ಕೊಂಡಳು. ಇಂಧನದ ನಳಿಗೆಯು ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಬ್ರೇಕಿನ ಮರದ ಗಟ್ಟಿಗಳು ಸವೆದಾಗ ಹಳ್ಳಿಯ ಮೋಚಿಯಿಂದ ಅವುಗಳಿಗೆ ತೊಗಲು ಹೊಡೆಸಿದಳು. ಏರುಗಳಲ್ಲಿ ಗಾಡಿಯನ್ನು ದಬ್ಬಬೇಕಾಯಿತು. ಏರು ಹತ್ತುವುದಕ್ಕೆ ಇನ್ನೊಂದು ಗೇರು ಬೇಕೆಂಬುದು ಆ ಪ್ರಯಾಣದಿಂದಲೇ ತಿಳಿದುಬಂದದ್ದು. ಗಾಡಿಯನ್ನು ಕಟ್ಟಿದವನು ಕಾರ್ಲ್ ಬೆಂಜ್. ಅದನ್ನು ಲೋಕದ ರಸ್ತೆಯಲ್ಲಿ ಪರೀಕ್ಷಿಸಿ ತಿದ್ದಿಸಿದವಳು ಬೆರ್ತಾ.

ಈ ಕಥೆಯನ್ನು ಕೇಳಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಪೆಟ್ಟಿಗೆಯಲ್ಲಿ ಇದ್ದಂತೆ ಆ ಗಾಡಿಯನ್ನು ಕಟ್ಟಲು ಒಪ್ಪಲಿಲ್ಲ. ಮೋಚಿಯ ಕೈಯಿಂದ ಹೊರಬಂದ ಗಾಡಿಯನ್ನೇ ತಾವು ಕಟ್ಟಬೇಕೆಂದು ಹಟ ಹಿಡಿದರು. ಪ್ಲಾಸ್ಟಿಕ್ ಹಾಳೆಯಿಂದ ಬ್ರೇಕಿನ ಗಟ್ಟಿಗಳನ್ನು ಕೊಯ್ದರು. ಒಬ್ಬಳು ಹರಿದುಹೋದ ಕೈಚೀಲದಿಂದ ನಿಜವಾದ ತೊಗಲಿನ ಚೂರನ್ನು ತಂದಳು. ಟೇಪಿನಿಂದ ಹಿಡಿದು ನೋಡಿದಾಗ ಎಲ್ಲರೂ ನಕ್ಕುಬಿಟ್ಟರು: ಒಂದು ಮಿಲಿಮೀಟರಿನ ಆ ತೊಗಲು, ಇಪ್ಪತ್ತನಾಲ್ಕರ ಲೆಕ್ಕದಲ್ಲಿ ಒಂದಂಗುಲ ದಪ್ಪದ ಹಲಗೆಯಾಗಿತ್ತು! ಕಡೆಗೆ ತೆಳುವಾದ ಕಾಗದಕ್ಕೆ ಕಂದುಬಣ್ಣ ಬಳಿದು ಸುತ್ತಿದರು. ಅದು ತೊಗಲಿಗಿಂತ ಹೆಚ್ಚು ತೊಗಲಾಗಿ ಕಂಡಿತು. ನಿಜವಾದ ವಸ್ತುವೇ ಎಲ್ಲ ಕಡೆಗೂ ನಿಜವಾಗಿ ಕಾಣುವುದಿಲ್ಲ, ಅಳತೆಗೆ ಒಪ್ಪಿದ್ದೇ ನಿಜವಾಗಿ ಕಾಣುತ್ತದೆ ಎಂಬುದನ್ನು ನಾವು ಹೇಳಿಕೊಡಬೇಕಾಗಲಿಲ್ಲ. ಅಂಟು ಹಾಕಿದ ಮೇಲೆ ಇದು ತಿಳಿದಿದ್ದರೆ ಪ್ರಯೋಜನವೇನು?

ಇದು ಗಂಡುಹುಡುಗರ ಶೋಕಿಯೆಂಬ ಎರಡನೆಯ ಆಕ್ಷೇಪಣೆಗೆ ಚರಿತ್ರೆಯೇ ಉತ್ತರ ಕೊಡಲಿ. ಅಮೇರಿಕದಲ್ಲಿ 1930ರಿಂದ 1968ರವರೆಗೆ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬುದೊಂದು ಸ್ಪರ್ಧೆ ನಡೆಯುತ್ತಿತ್ತು. ಮೊದಲು ನೆಪೋಲಿಯನನ ಕಾಲದ ಸಾರೋಟಿನ ಮಾದರಿಯನ್ನು ಮಾಡಬೇಕಾಗಿತ್ತು. 1937ರಿಂದ ತಾವೇ ಕಲ್ಪಿಸಿದ ಮೋಟಾರುಗಾಡಿಯ ಮಾದರಿಗೂ ಅವಕಾಶವಾಯಿತು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. 1947ರಲ್ಲಿ ಪ್ರಥಮ ಬಹುಮಾನ ಪಡೆದ ಚಕ್ ಜೋರ್ಡನ್ ಎಂಬ ತರುಣನು ಮುಂದೆ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗಕ್ಕೇ ಮುಖ್ಯಸ್ಥನಾದನು. ಆದರೆ ಆ ಸ್ಪರ್ಧೆಯು ಬಾಲಕರಿಗೆ ಮಾತ್ರ. ಬಾಲಕಿಯರಿಗೆ ಆ ಬಾಗಿಲು ತೆರೆದಿರಲಿಲ್ಲ. ಮೂವತ್ತೆಂಟು ವರ್ಷಗಳಲ್ಲಿ ಎಷ್ಟು ಜನ ಹುಡುಗಿಯರು ತಮ್ಮ ಅಣ್ಣತಮ್ಮಂದಿರ ಹೆಗಲ ಮೇಲಿಂದ ಇಣಿಕಿ ನೋಡಿ ಸುಮ್ಮನಾದರೋ, ಅವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಶೋಕಿಯು ಗಂಡುಹುಡುಗರದಾದದ್ದು ಹೀಗೆ. ಹುಟ್ಟುಗುಣದಿಂದಲ್ಲ, ಬಾಗಿಲಿನ ಅಗುಳಿಯಿಂದ. ಅಗುಳಿ ಸರಿದಲ್ಲೆಲ್ಲ ಹೆಂಗಸರು ಒಳಗೆ ಬಂದಿದ್ದಾರೆ. ಹೆಲೆನ್ ರೋಥರ್ ಎಂಬ ಮಹಿಳೆಯು 1943ರಲ್ಲಿಯೇ ಜನರಲ್ ಮೋಟಾರ್ಸಿನ ವಿನ್ಯಾಸಕಿಯಾದಳು. ನಮ್ಮ ದೇಶದಲ್ಲಿಯೇ, ಪಿಲಾನಿಯಲ್ಲಿ ಯಂತ್ರಶಾಸ್ತ್ರವನ್ನೂ ಮುಂಬಯಿಯ ಐ.ಐ.ಟಿ.ಯಲ್ಲಿ ವಿನ್ಯಾಸವನ್ನೂ ಓದಿದ ರಾಮಕೃಪಾ ಅನಂತನ್ ಅವರು ಮಹೀಂದ್ರಾ ಸಂಸ್ಥೆಯ ವಿನ್ಯಾಸ ವಿಭಾಗವನ್ನು ನಡೆಸಿದರು. 2011ರಲ್ಲಿ ರಸ್ತೆಗಿಳಿದ ಎಕ್ಸ್‌ಯುವಿ 500, 2020ರ ಹೊಸ ಥಾರ್, ಇವುಗಳ ರೂಪದಲ್ಲಿ ಅವರ ಕೈಯಿದೆ. ನಮ್ಮ ಶಾಲೆಯ ಗೇಟಿನ ಮುಂದೆ ಹಾದುಹೋಗುವ ಗಾಡಿಯ ರೂಪವನ್ನು ಒಬ್ಬ ಹೆಣ್ಣುಮಗಳು ತಿದ್ದಿದ್ದಾಳೆಂದು ತಿಳಿದ ದಿನ, ಮಕ್ಕಳು ಗೇಟಿಗೆ ಓಡಿ ನಿಂತು ನೋಡಿದರು.

ಆದರೆ ನಮ್ಮ ಮಕ್ಕಳೆಲ್ಲರೂ ಮೋಟಾರುಗಾಡಿಗಳನ್ನು ರಚಿಸತಕ್ಕವರಾಗಬೇಕೆಂಬುದು ನಮ್ಮ ಆಶಯವಲ್ಲ. ಇದಕ್ಕಿಂತ ದೊಡ್ಡ ಕಾರಣವೊಂದು ನಮ್ಮ ಮನಸ್ಸಿನಲ್ಲಿದೆ. ಗಂಡುಮಗನು ಒಂದು ಕೋರ್ಸಿಗೆ ಸೇರಿ ಬಿಟ್ಟರೆ, ಒಂದು ಉದ್ಯೋಗವನ್ನು ಹಿಡಿದು ಬದಲಿಸಿದರೆ, ‘ಅನುಭವವಾಯಿತು’ ಎನ್ನುತ್ತೇವೆ. ಹೆಣ್ಣುಮಗಳಿಗಾದರೋ ಅಂಟು ಮೊದಲು, ಜೋಡಿಸಿ ನೋಡುವುದು ಆಮೇಲೆ. ಓದಿನ ದಾರಿಯನ್ನೂ ಮನೆಯನ್ನೂ ಊರನ್ನೂ ಇತರರು ಗೊತ್ತುಮಾಡಿ ಬೆಸೆದುಬಿಡುತ್ತಾರೆ. ಚಕ್ರ ತಗಲುತ್ತದೆ, ಬಾಗಿಲು ಮುಚ್ಚುವುದಿಲ್ಲವೆಂದು ತಿಳಿದುಬರುವಷ್ಟರಲ್ಲಿ ಬಿಡಿಸಹೋದರೆ ಮುರಿಯುವ ಸ್ಥಿತಿ. ಇದು ಯಾರ ದುಷ್ಟತನವೂ ಅಲ್ಲ. ಪ್ರೀತಿಯಿಂದಲೇ, ಅವಸರದಿಂದಲೇ ನಡೆಯುವಂಥದು. ಶಾಲೆಯೆಂಬುದು ಹೆಣ್ಣುಮಗಳ ಬಾಳಿನಲ್ಲಿ ಒಣಜೋಡಣೆಯ ಕಾಲ. ಟೇಪಿನಿಂದ ಹಿಡಿದು ನೋಡುವುದಕ್ಕೂ, ಬಿಚ್ಚುವುದಕ್ಕೂ, ಯಾರೂ ನಗದಂತೆ ಮತ್ತೆ ಜೋಡಿಸುವುದಕ್ಕೂ ಅವಳಿಗೆ ಸಿಕ್ಕುವ ಕೆಲವೇ ವರ್ಷಗಳು. ಅವುಗಳನ್ನು ನಾವು ಮೊಟಕು ಮಾಡಲಾರೆವು.

ಕಳೆದ ವರ್ಷ ಹತ್ತನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ಮಾತನ್ನು ಹೇಳಿ ಮುಗಿಸುತ್ತೇವೆ. ಅವಳ ತಂದೆ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಪರೀಕ್ಷೆ ಮುಗಿದೊಡನೆ ಅವಳನ್ನು ಬಟ್ಟೆಯಂಗಡಿಯ ಕೆಲಸಕ್ಕೆ ಸೇರಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಕೈಗೆಲಸದ ಪ್ರದರ್ಶನದ ದಿನ ತಂದೆಯು ಕೆಲಸದ ಉಡುಪಿನಲ್ಲಿಯೇ ಬಂದು, ಅವಳು ತಗ್ಗಿಸಿ ಕಟ್ಟುತ್ತಿದ್ದ, ಇನ್ನೂ ಟೇಪಿನ ಪಟ್ಟಿಗಳಲ್ಲಿಯೇ ನಿಂತಿದ್ದ ಗಾಡಿಯನ್ನು ಬಾಗಿ ನೋಡಿದರು. ಒಂದು ಬೆರಳಿನಿಂದ ಮುಂದಿನ ಚಕ್ರವನ್ನು ಮೆಲ್ಲನೆ ತಿರುಗಿಸಿ, “ಮಗಾ, ಇಷ್ಟು ತಗ್ಗಿಸಿದರೆ ತಿರುವಿನಲ್ಲಿ ಚಕ್ರ ಮಡ್‌ಗಾರ್ಡಿಗೆ ತಾಗುತ್ತದಲ್ಲ, ನೋಡಿದ್ದೀಯಾ?” ಎಂದರು.

“ನೋಡಿದ್ದೇನೆ ಅಪ್ಪ. ಅದಕ್ಕೇ ಇನ್ನೂ ಅಂಟು ಹಾಕಲಿಲ್ಲ” ಎಂದಳು ಮಗಳು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ತಂದೆ ಮಗಳಿಬ್ಬರೂ ಆ ಮೇಜಿನ ಬಳಿ ಕುಳಿತು, ಕಮಾನಿನ ಒಳಬದಿಯನ್ನು ಎಷ್ಟು ಹೆರೆಯಬೇಕೆಂದು ಗೆರೆ ಎಳೆದರು. ಹೊರಡುವಾಗ ನಮ್ಮ ಬಳಿಗೆ ಬಂದು, “ಟೀಚರ್, ಪಾಲಿಟೆಕ್ನಿಕ್ಕಿನಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರಾ?” ಎಂದು ಕೇಳಿದರು. ಸೇರಿಸಿಕೊಳ್ಳುತ್ತಾರೆಂದೂ, ಹತ್ತನೆಯ ತರಗತಿಯ ಬಳಿಕ ಮೂರು ವರ್ಷಗಳ ಡಿಪ್ಲೊಮಾ ಇದೆಯೆಂದೂ ತಿಳಿಸಿದೆವು. “ಒಂದು ವರ್ಷ ನೋಡೋಣ” ಎಂದರು. ಹುಡುಗಿಯು ಈಗ ಅಲ್ಲಿ ಓದುತ್ತಿದ್ದಾಳೆ. ಆ ಒಂದು ವರ್ಷವು ಇನ್ನೂ ಮುಗಿದಿಲ್ಲ. ಮನೆಯ ಖರ್ಚುವೆಚ್ಚಗಳ ಭಾರ ಕಡಿಮೆಯಾಗಿಲ್ಲ. ಮುಂದೇನಾಗುವುದೆಂದು ದೇವರೇ ಬಲ್ಲನು. ಆದರೆ ‘ನೋಡೋಣ’ ಎಂಬ ಆ ಒಂದು ಮಾತನ್ನು ಮಗಳಿಗಾಗಿ ಆಡಿದ ತಂದೆಯನ್ನು ನಾವು ಮನಸಾರೆ ಗೌರವಿಸುತ್ತೇವೆ.

ಕಾಗದ ಬರೆದ ಪೋಷಕರ ಇಚ್ಛೆಯಂತೆ ಅವರ ಮಗಳು ಈಗ ಈ ತರಗತಿಗೆ ಬರುವುದಿಲ್ಲ. ಮೇಜಿನ ಬಳಿ ಅವಳ ಸ್ಥಳವನ್ನು ಖಾಲಿಯಾಗಿಯೇ ಇಟ್ಟಿದ್ದೇವೆ. ಒಂದು ಶನಿವಾರ ಅವರು ತಾವೇ ಬಂದು, ಅರ್ಧ ಗಂಟೆ ಕುಳಿತು ನೋಡಿಹೋಗಬೇಕೆಂದು ಈ ಮೂಲಕ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಮನೆಗಳಲ್ಲಿ ಗಂಡುಮಕ್ಕಳು ಅರ್ಧಕ್ಕೆ ಬಿಟ್ಟ ಇಂಥ ಪೆಟ್ಟಿಗೆಗಳಿದ್ದರೆ, ಮುರಿದ ಮಾದರಿಗಳಿದ್ದರೆ, ಎಸೆಯದೆ ಶಾಲೆಗೆ ಕಳುಹಿಸಿರಿ. ಒಂದರ ಚಕ್ರವು ಇನ್ನೊಂದಕ್ಕೆ ಉಪಯೋಗವಾಗುವುದು ಈ ಕಸುಬಿನ ಸೊಬಗು. ಹೊಲಿಗೆಯಲ್ಲಿ ಪಳಗಿದವರು ಒಂದೆರಡು ಶನಿವಾರ ಬಂದು ಮಕ್ಕಳ ಬಳಿ ಕುಳಿತರೂ ಸಾಕು. ಪುಟ್ಟ ಆಸನಗಳಿಗೆ ಗವುಸು ಹೊಲಿಯುವ ಕೆಲಸ ಕಾದಿದೆ. ನಿಮ್ಮ ಕೈಗಳಿಗೆ ಈ ಶಾಲೆಯು ಕಲಿಸಿದ ತಾಳ್ಮೆಯು ನಿಮ್ಮ ತಂಗಿಯರ ಕೈಗಳಿಗೂ ಬರಲಿ. ಕಟ್ಟುವುದಕ್ಕೆ ಮುಂಚೆ ನೋಡುವ ಕಣ್ಣನ್ನೂ, ನೋಡಿದ ಮೇಲೆ ಕಟ್ಟುವ ಧೈರ್ಯವನ್ನೂ ಕರುಣಾಮಯನಾದ ದೇವರು ನಮ್ಮ ಎಲ್ಲಾ ಹೆಣ್ಣುಮಕ್ಕಳಿಗೆ ದಯಪಾಲಿಸಲೆಂದು ಪ್ರಾರ್ಥಿಸುತ್ತೇವೆ.